ಮಲಪ್ರಭೆಯ ಸೀಮೆಯ ಮಧ್ಯಯುಗದ ಮಠಗಳು: ಶಾಸನ ಹೇಳಿದ್ದು, ನೆಲ ಹೇಳಬೇಕಾದದ್ದು

ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯ ಆಸುಪಾಸಿನಲ್ಲಿ ಹರಡಿಕೊಂಡಿರುವ ಕಿತ್ತೂರು, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳು ಮಧ್ಯಯುಗದ ಧಾರ್ಮಿಕ ಜೀವನವನ್ನು ತಿಳಿಸುವ ಶಾಸನಗಳಿಂದ ಬಹಳ ಸಮೃದ್ಧವಾದ ಸೀಮೆ. ರಾಷ್ಟ್ರಕೂಟರ ಕಾಲದಿಂದ ಸೇವುಣರ ಕಾಲದವರೆಗೆ, ಅಂದರೆ ಸುಮಾರು 9ನೆಯ ಶತಮಾನದಿಂದ 13ನೆಯ ಶತಮಾನದವರೆಗೆ, ಇಲ್ಲಿನ ಅರಸರು, ದಂಡನಾಯಕರು, ಗಾವುಂಡರು ಮತ್ತು ವರ್ತಕರು ದೇವಾಲಯಗಳಿಗೂ ಬಸದಿಗಳಿಗೂ ಅವುಗಳಿಗೆ ಹೊಂದಿಕೊಂಡಿದ್ದ ಮಠಗಳಿಗೂ ಹೊಲ, ತೋಟ, ಗಾಣ, ಸುಂಕದ ಪಾಲುಗಳನ್ನು ಬಿಟ್ಟುಕೊಟ್ಟ ವಿವರಗಳನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ದಾನ ಪಡೆದ ಗುಡಿಗಳಲ್ಲಿ ಎಷ್ಟೋ ಇಂದಿಗೂ ನಿಂತಿವೆ. ಆದರೆ ಆ ಗುಡಿಗಳ ಮಗ್ಗುಲಲ್ಲಿ ಯತಿಗಳು ಉಂಡು, ಓದಿ, ಮಲಗಿ, ಮುಪ್ಪಾಗಿ ತೀರಿಕೊಂಡ ಮಠಗಳ ಕಟ್ಟಡಗಳು ಬಹುಪಾಲು ಕಣ್ಣಿಗೆ ಕಾಣುವುದಿಲ್ಲ. ಅವುಗಳ ಬಗ್ಗೆ ಇಂದು ತಿಳಿದಿರುವುದು ಹೆಚ್ಚು ಕಡಿಮೆ ಎಲ್ಲವೂ ಶಾಸನದ ಓದಿನಿಂದ ಬಂದದ್ದು, ಮತ್ತು ಶಾಸನವು ಸ್ವಭಾವತಃ ಕೊಟ್ಟವನ ಕಡೆಯ ದಾಖಲೆ: ಯಾರು, ಯಾವಾಗ, ಯಾರ ಕಾಲು ತೊಳೆದು, ಎಷ್ಟು ಮತ್ತರು ಭೂಮಿ ಧಾರೆಯೆರೆದರು ಎಂಬುದನ್ನು ಅದು ಖಚಿತವಾಗಿ ಹೇಳುತ್ತದೆ, ಆ ಭೂಮಿಯ ಕಾಳು ಯಾವ ಒಲೆಯ ಮೇಲೆ ಬೆಂದು ಯಾರ ಹೊಟ್ಟೆ ಸೇರಿತು ಎಂಬುದನ್ನು ಹೇಳುವುದಿಲ್ಲ. ಈ ಎರಡನೆಯ ಅರ್ಧ ನೆಲದೊಳಗಿದೆ. ಜಗತ್ತಿನ ಬೇರೆಡೆ ಇಂಥ ಯತಿನಿವಾಸಗಳನ್ನು ಅಗೆದು ಅಭ್ಯಸಿಸಿದವರು ಏನನ್ನು ಪಡೆದರು ಎಂಬುದನ್ನು ನೋಡಿದರೆ, ಮಲಪ್ರಭೆಯ ಸೀಮೆಯಲ್ಲಿ ಏನನ್ನು ಉಳಿಸಿಕೊಳ್ಳಬೇಕಾಗಿದೆ ಎಂಬುದು ಮನವರಿಕೆಯಾಗುತ್ತದೆ.

ಮೊದಲು ಶಾಸನಗಳು ಕೊಡುವ ಚಿತ್ರವನ್ನು ಗಮನಿಸಬೇಕು. ಸವದತ್ತಿಯು ಸುಗಂಧವರ್ತಿ ಎಂಬ ಹೆಸರಿನಲ್ಲಿ ರಟ್ಟ ಮನೆತನದ ರಾಜಧಾನಿಯಾಗಿತ್ತು. ಕುಂಡಿ 3000 ಎಂಬ ನಾಡನ್ನು ಆಳಿದ ಈ ಮಾಂಡಲಿಕರು ಮುಂದೆ 13ನೆಯ ಶತಮಾನದ ಆರಂಭದ ಹೊತ್ತಿಗೆ ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ, ನೆಲೆ ಬದಲಿಸಿದರು. ಶಕವರ್ಷ 797, ಅಂದರೆ ಕ್ರಿ.ಶ. 875, ಎಂದು ಕಾಲ ನಮೂದಿಸಿರುವ ಸವದತ್ತಿಯ ಶಾಸನದಲ್ಲಿ ಮನೆತನದ ಪೂರ್ವಿಕನಾದ ಪೃಥ್ವೀರಾಮನು ಜೈನ ಗುರು ಇಂದ್ರಕೀರ್ತಿಸ್ವಾಮಿಯ ಶಿಷ್ಯನೆಂದೂ ಜಿನಾಲಯಕ್ಕೆ ಭೂಮಿ ಕೊಟ್ಟವನೆಂದೂ ಹೇಳಿದೆ. 980ರಲ್ಲಿ ಅದೇ ಊರಿನಲ್ಲಿ ಶಾಂತಿವರ್ಮನು ಬಸದಿ ಕಟ್ಟಿಸಿ ಭೂದಾನ ಮಾಡಿದ. ಬ್ರಿಟಿಷ್ ಆಡಳಿತದ ಅಧಿಕಾರಿಯಾಗಿದ್ದು ಕನ್ನಡ ಶಾಸನಗಳಿಗೆ ತನ್ನ ಜೀವಮಾನವನ್ನೇ ಮುಡಿಪಿಟ್ಟ ಜೆ.ಎಫ್. ಫ್ಲೀಟ್ ಈ ರಟ್ಟ ಶಾಸನಗಳನ್ನು 19ನೆಯ ಶತಮಾನದಲ್ಲೇ ಸಂಪಾದಿಸಿ ಪ್ರಕಟಿಸಿದ್ದರಿಂದ ಸವದತ್ತಿಯ ಗುರುಪರಂಪರೆಗಳ ಹೆಸರುಗಳು ಒಂದೂವರೆ ಶತಮಾನದಿಂದ ವಿದ್ವಾಂಸರಿಗೆ ಪರಿಚಿತವಾಗಿವೆ. ಆ ಗುರುಗಳು ವಾಸವಾಗಿದ್ದ ಮನೆಗಳ ಒಂದು ಗೋಡೆಯ ಅಳತೆಯೂ ಅಷ್ಟು ಪರಿಚಿತವಲ್ಲ.

ಸವದತ್ತಿಯಿಂದ ಪೂರ್ವಕ್ಕೆ ಕೆಲವೇ ಮೈಲಿಗಳಾಚೆ ಇರುವ ಹೂಲಿಯ ವಿಷಯ ಇನ್ನೂ ಮಹತ್ವದ್ದು. ಶಾಸನಗಳಲ್ಲಿ ಪೂಲಿ ಎಂದು ಕರೆಸಿಕೊಂಡಿರುವ ಈ ಊರು ಸಾಸಿರ್ವರು ಮಹಾಜನರ, ಅಂದರೆ ಸಾವಿರ ಮಂದಿ ವಿದ್ವದ್‌ಬ್ರಾಹ್ಮಣರ ಸಭೆಯಿದ್ದ, ಅಗ್ರಹಾರವಾಗಿತ್ತು. ಎಲ್.ಡಿ. ಬಾರ್ನೆಟ್ ಅವರು ಎಪಿಗ್ರಾಫಿಯಾ ಇಂಡಿಕಾದ 18ನೆಯ ಸಂಪುಟದಲ್ಲಿ ಪ್ರಕಟಿಸಿದ ಹೂಲಿಯ ಶಾಸನಗಳನ್ನು ಓದಿದರೆ ಒಂದೇ ಊರಿನ ಎಲ್ಲೆಯೊಳಗೆ ಮೂರು ಬಗೆಯ ಸಂಸ್ಥೆಗಳು ನೆರೆಹೊರೆಯಾಗಿ ಬಾಳಿದ್ದು ಕಾಣುತ್ತದೆ: ಮಹಾಜನರ ಅಗ್ರಹಾರ, ಯಾಪನೀಯ ಸಂಘದ ಜೈನ ಮುನಿಗಳು, ಕಾಳಾಮುಖ ಶೈವ ಯತಿಗಳು. ಯಾಪನೀಯವೆಂಬುದು ದಿಗಂಬರ ಮತ್ತು ಶ್ವೇತಾಂಬರ ಪಂಥಗಳ ಮಧ್ಯದ ನಿಲುವು ತಳೆದು ಕರ್ನಾಟಕದಲ್ಲೇ ಬಹಳ ಕಾಲ ಬಾಳಿ ಆಮೇಲೆ ಅಳಿದುಹೋದ ಜೈನ ಪಂಥ. ಕಾಳಾಮುಖವೆಂಬುದು ಲಕುಲೀಶನ ಪರಂಪರೆಗೆ ಸೇರಿದ ಶೈವ ಯತಿಗಳ ಪಂಥ. ಹೆಸರಿನ ಕೊನೆಗೆ ‘ಶಕ್ತಿ’, ‘ರಾಶಿ’, ‘ಪಂಡಿತ’ ಎಂದು ಬರುವ ಆಚಾರ್ಯರು ಶಾಸನಗಳಲ್ಲಿ ಕಂಡಲ್ಲಿ ಹೆಚ್ಚಾಗಿ ಈ ಪರಂಪರೆಯವರೇ ಆಗಿರುತ್ತಾರೆ, ಮತ್ತು ಅವರು ಪರ್ಷೆ, ಆವಳಿ, ಸಂತತಿ ಎಂಬ ಒಳವಿಭಾಗಗಳಲ್ಲಿ ತಮ್ಮ ಗುರುವಂಶವನ್ನು ಲೆಕ್ಕವಿಟ್ಟುಕೊಂಡಿದ್ದರು. ಹೂಲಿಯ ಆಚಾರ್ಯರು ಶಕ್ತಿಪರ್ಷೆಗೆ ಸೇರಿದವರು. ಈ ಊರಿನ ಪಂಚಲಿಂಗೇಶ್ವರ ಗುಡಿ ಮೂಲತಃ ಬಸದಿಯಾಗಿದ್ದು ನಂತರ ಶಿವಾಲಯವಾಯಿತೆಂಬುದು ಬಹುಕಾಲದಿಂದ ನಡೆದುಬಂದಿರುವ ಅಭಿಪ್ರಾಯ. ಅಂಧಕೇಶ್ವರ, ಮದನೇಶ್ವರ, ತಾರಕೇಶ್ವರ, ಭವಾನಿಶಂಕರ, ಸೂರ್ಯನಾರಾಯಣ ಮುಂತಾದ ಇತರ ಗುಡಿಗಳು ಗುಡ್ಡದ ತಪ್ಪಲಲ್ಲಿ ಜೀರ್ಣವಾಗಿ ನಿಂತಿವೆ.

ಇಂಥ ಮಠಗಳು ಬರಿಯ ಪೂಜಾರಿಗಳ ಬಿಡಾರಗಳಾಗಿರಲಿಲ್ಲ. ಅವು ಎಷ್ಟು ದೊಡ್ಡ ಸಂಸ್ಥೆಗಳಾಗಬಲ್ಲವು ಎಂಬುದಕ್ಕೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠವೇ ಸಾಕ್ಷಿ. 1162ರ ಶಾಸನವು ಆ ಮಠವನ್ನು ವರ್ಣಿಸುತ್ತ, ಅಲ್ಲಿ ವೇದಗಳೊಂದಿಗೆ ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳು, ಷಡ್ದರ್ಶನಗಳು, ಲಾಕುಲಸಿದ್ಧಾಂತ, ಪಾತಂಜಲ ಯೋಗ, ಪುರಾಣ, ಕಾವ್ಯ, ನಾಟಕ ಇವೆಲ್ಲವುಗಳ ವ್ಯಾಖ್ಯಾನ ನಡೆಯುತ್ತಿತ್ತೆಂದೂ, ದೀನರಿಗೂ ಕುರುಡರಿಗೂ ಕುಂಟರಿಗೂ ಬೇರೆ ಬೇರೆ ಪಂಥಗಳ ಭಿಕ್ಷುಗಳಿಗೂ ಅನ್ನ ದೊರೆಯುತ್ತಿತ್ತೆಂದೂ, ರೋಗಿಗಳಿಗೆ ಚಿಕಿತ್ಸೆ ಸಿಗುತ್ತಿತ್ತೆಂದೂ ಹೇಳುತ್ತದೆ. ಶಾಲೆ, ಛತ್ರ, ಆಸ್ಪತ್ರೆ ಮೂರೂ ಒಂದೇ ಆವರಣದಲ್ಲಿ ಇದ್ದ ಸಂಸ್ಥೆ ಎಂದಾಯಿತು. ಶಾಸನದ ಭಾಷೆಯಲ್ಲಿ ಹೊಗಳಿಕೆಯ ಪಾಲು ಇರುವುದು ಸಹಜವಾದ್ದರಿಂದ, ಆ ಅನ್ನ ಮತ್ತು ಔಷಧಿ ನಿಜಕ್ಕೂ ಯಾವ ಪ್ರಮಾಣದಲ್ಲಿ ಸಿದ್ಧವಾಗುತ್ತಿತ್ತು ಎಂಬ ಪ್ರಶ್ನೆಗೆ ಅಡುಗೆಮನೆಯ ಬೂದಿಯ ರಾಶಿಯಷ್ಟು ನಂಬಲರ್ಹವಾದ ಸಾಕ್ಷಿ ಬೇರೆ ಇರಲಾರದು.

ಕಿತ್ತೂರಿನ ಶಾಸನವೊಂದು ಮಠಗಳ ಲೌಕಿಕ ಮುಖವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಚೆನ್ನಮ್ಮನ ಹೆಸರಿನಿಂದ ಪ್ರಸಿದ್ಧವಾಗುವುದಕ್ಕೆ ಆರು ಶತಮಾನಗಳ ಹಿಂದೆ ಕಿತ್ತೂರು ಗೋವೆಯ ಕದಂಬರ ಆಳ್ವಿಕೆಯ ಪಲಸಿಗೆ ನಾಡಿಗೆ ಸೇರಿತ್ತು. 12ನೆಯ ಶತಮಾನದ ಕೊನೆಯಲ್ಲಿ ಪಟ್ಟಕ್ಕೆ ಬಂದ ಮೂರನೆಯ ಜಯಕೇಶಿಯ ಕಾಲದ ಈ ಶಾಸನವು ಇಬ್ಬರು ಶೈವ ಆಚಾರ್ಯರ ನಡುವಿನ ಹೊಲದ ವ್ಯಾಜ್ಯವನ್ನು ದಾಖಲಿಸಿದೆ. ಮೂಲಸ್ಥಾನದೇವರ ಆಚಾರ್ಯ ಕಲ್ಯಾಣಶಕ್ತಿ ಮತ್ತು ಕಲ್ಲೇಶ್ವರದೇವರ ಆಚಾರ್ಯ ಶಿವಶಕ್ತಿ, ಇಬ್ಬರೂ ಒಂದೇ ಕೆಯ್ಯನ್ನು ತಮ್ಮ ದೇವರದೆಂದು ಸಾಧಿಸಿದರು. ಮಾತಿನಿಂದ ತೀರದ ವ್ಯಾಜ್ಯವನ್ನು ಫಲದಿವ್ಯದಿಂದ, ಅಂದರೆ ಕಾಯಿಸಿ ಕೆಂಪಾದ ನೇಗಿಲ ಕುಳವನ್ನು ಕೈಯಲ್ಲಿ ಹಿಡಿದು ಆಣೆ ಮಾಡುವ ಪರೀಕ್ಷೆಯಿಂದ, ತೀರಿಸುವುದೆಂದು ತೀರ್ಮಾನವಾಯಿತು. ಕಲ್ಯಾಣಶಕ್ತಿಯು ದಿವ್ಯಕ್ಕೆ ಕೈಯೊಡ್ಡಿದನು, ಬಳಿಕ ಅವನ ಕೈಯನ್ನು ಪರೀಕ್ಷಿಸಿ ಹೊಲವು ಮೂಲಸ್ಥಾನದೇವರದೇ ಎಂದು ನಿರ್ಣಯಿಸಲಾಯಿತು. ಹೆಸರುಗಳೇ ಹೇಳುವಂತೆ ಇಬ್ಬರೂ ‘ಶಕ್ತಿ’ ಪರಂಪರೆಯವರು. ಒಂದು ಊರಿನಲ್ಲಿ ಒಂದೇ ಬಗೆಯ ಎರಡು ಸಂಸ್ಥೆಗಳು ಒಂದು ಹೊಲಕ್ಕಾಗಿ ಸುಡುವ ಕಬ್ಬಿಣದವರೆಗೆ ಹೋದದ್ದು, ಆ ಹೊಲದ ಉತ್ಪನ್ನವು ಯತಿಗಳ ಬದುಕಿಗೆ ಎಷ್ಟು ಅಗತ್ಯವಾಗಿತ್ತೆಂಬುದನ್ನು ಯಾವ ದಾನಶಾಸನಕ್ಕಿಂತ ಚೆನ್ನಾಗಿ ತಿಳಿಸುತ್ತದೆ. ಕಿತ್ತೂರಿಗೆ ಸಮೀಪದ ದೇಗಾವಿಯಲ್ಲಿ ಇದೇ ಕದಂಬ ಮನೆತನದ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ಗುಡಿ ಅದರ ಸೂಕ್ಷ್ಮ ಕೆತ್ತನೆಗಾಗಿ ಹೆಸರಾಗಿದೆ.

ಬೈಲಹೊಂಗಲದಲ್ಲಿಯೂ ಊರ ಹೊರಗಿನ ಹಳೆಯ ಗುಡಿ ಮೊದಲು ಜೈನರದಾಗಿದ್ದು ಆಮೇಲೆ ಲಿಂಗದ ಗುಡಿಯಾಯಿತೆಂದು ಹಳೆಯ ಬೆಳಗಾವಿ ಗೆಜೆಟಿಯರ್ ದಾಖಲಿಸಿದೆ. ರಾಮದುರ್ಗ ತಾಲ್ಲೂಕಿನ ತೊರಗಲ್ಲು ತನ್ನದೇ ಹೆಸರಿನ 6000 ನಾಡಿನ ಕೇಂದ್ರವಾಗಿದ್ದು, ಅಲ್ಲಿ ಶಕ 1110ರ ಶಾಸನವೂ ಕೋಟೆಯೊಳಗೆ ಭೂತನಾಥ ಗುಡಿಯೂ ಇವೆ. ಬೈಲಹೊಂಗಲ ಮತ್ತು ಸವದತ್ತಿಗಳ ನಡುವಣ ಸೊಗಲವು ಎರಡನೆಯ ತೈಲಪನ ಕಾಲದ, 980ರ, ಶಾಸನಕ್ಕೆ ಪ್ರಸಿದ್ಧವಾಗಿದೆ.

ಇಷ್ಟೊಂದು ದಾಖಲೆಗಳಿದ್ದೂ ಮಠದ ಕಟ್ಟಡಗಳು ಕಾಣದಿರಲು ಕಾರಣ ಕಟ್ಟಡದ ಸಾಮಗ್ರಿಯಲ್ಲಿದೆ. ದೇವರ ಮನೆಯನ್ನು ಕಲ್ಲಿನಲ್ಲಿ ಕಟ್ಟಿದವರು ಯತಿಗಳ ಮನೆಯನ್ನು ಹೆಚ್ಚಾಗಿ ಮಣ್ಣು, ಇಟ್ಟಿಗೆ ಮತ್ತು ಮರದಲ್ಲಿ ಕಟ್ಟಿದರು. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆ ಪ್ರತಿ ವರ್ಷ ಮೇಲುಮುದ್ದೆ ಹಾಕಿ ನೋಡಿಕೊಂಡಷ್ಟು ಕಾಲ ತಲೆಮಾರುಗಳವರೆಗೆ ಬಾಳುತ್ತದೆ, ನೋಡಿಕೊಳ್ಳುವವರಿಲ್ಲದಾಗ ನಾಲ್ಕಾರು ಮಳೆಗಾಲಗಳಲ್ಲಿ ಮಾಡು ಕುಸಿದು, ಗೋಡೆ ಕರಗಿ, ತನ್ನ ಮೇಲೆ ತಾನೇ ಬಿದ್ದು ದಿಬ್ಬವಾಗುತ್ತದೆ. ಪುರಾತತ್ತ್ವಜ್ಞನ ದೃಷ್ಟಿಯಲ್ಲಿ ಇದು ನಷ್ಟವಲ್ಲ, ಒಂದು ಬಗೆಯ ರಕ್ಷಣೆ. ಏಕೆಂದರೆ ಕುಸಿದ ಮಣ್ಣು ಕೆಳಗಿನ ನೆಲಗಟ್ಟನ್ನು, ಒಲೆಯನ್ನು, ಒಡೆದ ಗಡಿಗೆಯನ್ನು ಇದ್ದಲ್ಲೇ ಮುಚ್ಚಿಡುತ್ತದೆ. ಮಠವನ್ನು ಕಲ್ಲಿನಲ್ಲಿ ಕಟ್ಟಿದ ಅಪರೂಪದ ಕಡೆಗಳಲ್ಲಿ ಅದರ ವಿನ್ಯಾಸ ಇಂದಿಗೂ ಸ್ಪಷ್ಟವಾಗಿದೆ. ಮಧ್ಯಪ್ರದೇಶದ ಚಂದ್ರೇಹೆಯಲ್ಲಿ ಮತ್ತಮಯೂರ ಪಂಥದ ಶೈವಾಚಾರ್ಯ ಪ್ರಬೋಧಶಿವನು 10ನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿಸಿದ ಮಠವು ಗುಡಿಯ ಪಕ್ಕದಲ್ಲೇ ನಿಂತಿದ್ದು, ನಡುವೆ ತೆರೆದ ಅಂಗಳ, ಸುತ್ತ ಕಂಬಗಳ ಪಡಸಾಲೆ, ಅದರ ಹಿಂದೆ ಕೋಣೆಗಳ ಸಾಲು ಇರುವ ಯೋಜನೆಯನ್ನು ತೋರಿಸುತ್ತದೆ. ಹೂಲಿಯ ಅಥವಾ ಕಿತ್ತೂರಿನ ಶೈವಾಚಾರ್ಯರು ಇಂಥದೇ ಅಂಗಳದ ಮನೆಯಲ್ಲಿದ್ದರೋ, ಊರ ಒಕ್ಕಲಿಗರ ಮನೆಗಳಂಥದರಲ್ಲೇ ಇದ್ದರೋ ಎಂಬುದನ್ನು ತಳಪಾಯದ ರೇಖೆಗಳು ಮಾತ್ರ ಹೇಳಬಲ್ಲವು.

ಯತಿನಿವಾಸದ ಉತ್ಖನನವು ಯಾವ ಬಗೆಯ ತಿಳಿವಳಿಕೆಯನ್ನು ಕೊಡುತ್ತದೆಂಬುದಕ್ಕೆ ಯುರೋಪಿನ ಫ್ರಯರಿಗಳು ಒಳ್ಳೆಯ ಉದಾಹರಣೆ. ಫ್ರಯರಿ ಎಂದರೆ 13ನೆಯ ಶತಮಾನದಲ್ಲಿ ಹುಟ್ಟಿಕೊಂಡ ಭಿಕ್ಷಾವೃತ್ತಿಯ ಕ್ರೈಸ್ತ ಸಂನ್ಯಾಸಿಗಳ ಮಠ. ಹಳೆಯ ಕ್ರೈಸ್ತ ಮಠವಾಸಿಗಳು ಊರಿನಿಂದ ದೂರ, ತಮ್ಮದೇ ಜಮೀನಿನ ನಡುವೆ, ಗೋಡೆಗಳೊಳಗೆ ಬಾಳುತ್ತಿದ್ದರೆ, ಫ್ರಾನ್ಸಿಸ್ಕನ್, ಡೊಮಿನಿಕನ್, ಕಾರ್ಮಲೈಟ್ ಮತ್ತು ಆಗಸ್ಟೀನಿಯನ್ ಎಂಬ ನಾಲ್ಕು ಮುಖ್ಯ ಪಂಗಡಗಳ ಫ್ರಯರ್‌ಗಳು ಪಟ್ಟಣಗಳ ನಡುವೆ ನೆಲೆಸಿ, ಜನರಿಗೆ ಅವರ ಮಾತಿನಲ್ಲೇ ಬೋಧನೆ ಮಾಡಿ, ಭಿಕ್ಷೆ ಮತ್ತು ದಾನದಿಂದ ಜೀವಿಸುತ್ತಿದ್ದರು. ಮನೆಮನೆಗೆ ಬರುವ ಚರಜಂಗಮರನ್ನು ಬಲ್ಲ ಕನ್ನಡಿಗರಿಗೆ ಈ ಜೀವನಕ್ರಮ ಅಪರಿಚಿತವೆನಿಸದು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿ 1538ರ ಹೊತ್ತಿಗೆ ಇಂಥ ಮಠಗಳನ್ನೆಲ್ಲ ಮುಚ್ಚಿಸಿದ್ದರಿಂದ ಅವು ಕೆಡವಲ್ಪಟ್ಟು, ಅವುಗಳ ಮೇಲೆ ಪಟ್ಟಣಗಳು ಬೆಳೆದವು.

ಅವುಗಳಲ್ಲಿ ಹೆಚ್ಚು ಹೆಸರಾದದ್ದು ಲೆಸ್ಟರ್ ನಗರದ ಗ್ರೇಫ್ರಯರ್ಸ್. 1485ರಲ್ಲಿ ಬಾಸ್‌ವರ್ತ್ ಕಾಳಗದಲ್ಲಿ ಸತ್ತ ಮೂರನೆಯ ರಿಚರ್ಡ್ ದೊರೆಯನ್ನು ಆ ಫ್ರಾನ್ಸಿಸ್ಕನ್ ಮಠದ ಚರ್ಚಿನಲ್ಲಿ ಹೂಳಲಾಗಿತ್ತೆಂದು ಬರೆಹಗಳು ಹೇಳುತ್ತಿದ್ದವು. 2012ರ ಆಗಸ್ಟ್‌ನಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞರು ವಾಹನ ನಿಲುಗಡೆಯ ಅಂಗಳವೊಂದರಲ್ಲಿ ಉದ್ದನೆಯ ಗುಂಡಿಗಳನ್ನು ತೋಡಿ ಮಠದ ವಿನ್ಯಾಸವನ್ನು ಗುರುತಿಸಿದರು; ಚರ್ಚಿನ ಗಾಯಕವೃಂದದ ಸ್ಥಳದಲ್ಲಿ ಅವಸರದಲ್ಲಿ ಹೂಳಿದಂತಿದ್ದ, ಬೆನ್ನುಮೂಳೆ ಡೊಂಕಾಗಿದ್ದ, ತಲೆಬುರುಡೆಯಲ್ಲಿ ಗಾಯಗಳಿದ್ದ ಅಸ್ಥಿಪಂಜರ ದೊರೆಯಿತು; ದೊರೆಯ ಸೋದರಿಯ ಹೆಣ್ಣುಪೀಳಿಗೆಯ ವಂಶಸ್ಥರ ಡಿಎನ್‌ಎಯೊಂದಿಗೆ ಹೋಲಿಸಿ ಅದು ರಿಚರ್ಡನದೇ ಎಂದು 2013ರ ಫೆಬ್ರುವರಿಯಲ್ಲಿ ಪ್ರಕಟಿಸಲಾಯಿತು. ದೊರೆಯ ಮೂಳೆ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಸಹಜವೇ. ಆದರೆ ಮಠಗಳ ಇತಿಹಾಸಕ್ಕೆ ಅದಕ್ಕಿಂತ ಮಿಗಿಲಾದದ್ದು ಹೆಸರಿಲ್ಲದ ಸಾಮಾನ್ಯ ಫ್ರಯರ್‌ಗಳ ಮೂಳೆಗಳಿಂದ ತಿಳಿದ ಸಂಗತಿ.

ಕೇಂಬ್ರಿಜ್ ಪಟ್ಟಣದ ಆಗಸ್ಟೀನಿಯನ್ ಫ್ರಯರಿಯ ಸ್ಮಶಾನದಲ್ಲಿ ದೊರೆತ 19 ಫ್ರಯರ್‌ಗಳ ಹಾಗೂ ಅದೇ ಪಟ್ಟಣದ ಬಡವರ ಚರ್ಚ್ ಸ್ಮಶಾನದ 25 ಜನರ ಅಸ್ಥಿಪಂಜರಗಳ ಕಿಬ್ಬೊಟ್ಟೆಯ ಭಾಗದ ಮಣ್ಣನ್ನು ಸಂಶೋಧಕರು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಟ್ಟೆಯೊಳಗಿನ ಹುಳುಗಳ ಮೊಟ್ಟೆಗಳು ಶತಮಾನಗಳ ನಂತರವೂ ಮಣ್ಣಿನಲ್ಲಿ ಉಳಿಯುತ್ತವೆ. ಅವು ಫ್ರಯರ್‌ಗಳಲ್ಲಿ ಶೇ. 58ರಷ್ಟು ಮಂದಿಯಲ್ಲಿಯೂ ಪಟ್ಟಣವಾಸಿಗಳಲ್ಲಿ ಶೇ. 32ರಷ್ಟು ಮಂದಿಯಲ್ಲಿಯೂ ಕಂಡುಬಂದವು. ಇಲ್ಲಿ ಆಶ್ಚರ್ಯವೆಂದರೆ, ಮಠಗಳಲ್ಲಿ ಕಟ್ಟಿಸಿದ ಶೌಚಗೃಹ ಮತ್ತು ಕೈತೊಳೆಯುವ ವ್ಯವಸ್ಥೆ ಇರುತ್ತಿತ್ತು, ಬಡವರ ಮನೆಗಳಲ್ಲಿ ಇರುತ್ತಿರಲಿಲ್ಲ. ಫ್ರಯರ್‌ಗಳು ತಮ್ಮ ಕಾಯಿಪಲ್ಲೆಯ ತೋಟಕ್ಕೆ ಮನುಷ್ಯರ ಮಲವನ್ನೇ ಗೊಬ್ಬರವಾಗಿ ಹಾಕುತ್ತಿದ್ದುದು ಇದಕ್ಕೆ ಕಾರಣವಿರಬಹುದೆಂದು ಸಂಶೋಧಕರು ಊಹಿಸಿದ್ದಾರೆ. ಸತ್ತವರಲ್ಲಿ ಫ್ರಯರ್ ಯಾರೆಂದು ತಿಳಿದದ್ದು ಸೊಂಟದ ಬಳಿ ಉಳಿದಿದ್ದ ಲೋಹದ ಬಕಲಿನಿಂದ, ಏಕೆಂದರೆ ಅವರನ್ನು ಅವರ ದೀಕ್ಷಾವಸ್ತ್ರದಲ್ಲೇ ಹೂಳುತ್ತಿದ್ದರು. ಯಾವ ದಾನಪತ್ರವೂ, ಯಾವ ಸಂತಚರಿತ್ರೆಯೂ ಇಂಥ ಮಾತನ್ನು ಬರೆದಿಡುವುದಿಲ್ಲ.

ಕಿತ್ತೂರಿನ ಕದಂಬ ದೊರೆಗಳ ರಾಜಧಾನಿಯಿದ್ದ ಗೋವೆಯಲ್ಲೇ ನಿಜವಾದ ಫ್ರಯರಿಯೊಂದರ ಉತ್ಖನನ ನಡೆದಿದೆ. ಬೆಳಗಾವಿಯ ಜನ ಅನ್ಮೋಡ ಅಥವಾ ಚೋರ್ಲಾ ಘಟ್ಟ ಇಳಿದು ಹಳೆಯ ಗೋವೆಗೆ ಹೋದರೆ ಅಲ್ಲಿನ ಗುಡ್ಡದ ಮೇಲೆ ಜಂಬಿಟ್ಟಿಗೆಯ ಒಂದು ಎತ್ತರದ ಅರೆಗೋಪುರ ನಿಂತಿರುವುದು ಕಾಣುತ್ತದೆ. ಸುಮಾರು 46 ಮೀಟರ್ ಎತ್ತರದ ಇದು ಸಂತ ಆಗಸ್ಟೀನ್ ಪಂಗಡದ ಮಠಕ್ಕೆ ಸೇರಿದ, 1602ರಲ್ಲಿ ಮುಗಿದ, ಚರ್ಚಿನ ಅವಶೇಷ. 1835ರಲ್ಲಿ ಪೋರ್ಚುಗೀಸ್ ಸರ್ಕಾರ ಪಂಗಡಗಳನ್ನು ನಿಷೇಧಿಸಿದ ಮೇಲೆ ಮಠ ಪಾಳುಬಿದ್ದು, 1842ರಲ್ಲಿ ಚರ್ಚಿನ ಕಮಾನು ಚಾವಣಿ ಕುಸಿಯಿತು, 1931ರಲ್ಲಿ ಮುಂಭಾಗ ಮತ್ತು ಗೋಪುರದ ಅರ್ಧ ಬಿದ್ದವು. 1989ರಿಂದ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಇಲ್ಲಿ ಬಿದ್ದ ಕಲ್ಲುಮಣ್ಣಿನ ರಾಶಿಯನ್ನು ತೆರವು ಮಾಡಿ ಪೂಜಾಮಂಟಪಗಳನ್ನು, ಸಮಾಧಿಶಿಲೆಗಳನ್ನು, ಮಠದ ಕೋಣೆಗಳನ್ನು ಒಂದೊಂದಾಗಿ ಹೊರತೆಗೆಯಿತು.

ಈ ಉತ್ಖನನದಲ್ಲಿ ಬರೆಹ ಮತ್ತು ಅಗೆತ ಒಂದಕ್ಕೊಂದು ನೆರವಾದ ಬಗೆ ವಿಶೇಷವಾದದ್ದು. ಜಾರ್ಜಿಯಾ ದೇಶದ ರಾಣಿ ಕೆಟೆವಾನಳನ್ನು 1624ರಲ್ಲಿ ಪರ್ಷಿಯಾದ ಷಾ ಅಬ್ಬಾಸನು ಶಿರಾಜಿನಲ್ಲಿ ಕೊಲ್ಲಿಸಿದನು. ಅಲ್ಲಿದ್ದ ಆಗಸ್ಟೀನಿಯನ್ ಫ್ರಯರ್‌ಗಳು ಅವಳ ಅಸ್ಥಿಯ ಭಾಗವನ್ನು ಗೋವೆಯ ತಮ್ಮ ಮಠಕ್ಕೆ ತಂದರು. ಮಠದ ಸಭಾಮಂದಿರದ ಯಾವ ಬದಿಯ ಎಷ್ಟನೆಯ ಕಿಟಕಿಯ ಬಳಿ ಆ ಪೆಟ್ಟಿಗೆಯಿದೆ ಎಂಬುದನ್ನು ಹಳೆಯ ಪೋರ್ಚುಗೀಸ್ ದಾಖಲೆಯೊಂದು ಹೇಳಿತ್ತು. ಕುಸಿದ ಕಟ್ಟಡದಲ್ಲಿ ಆ ಕಿಟಕಿ ಯಾವುದೆಂದು ಗುರುತಿಸುವುದೇ ದೊಡ್ಡ ಕೆಲಸವಾಗಿತ್ತು. ಪುರಾತತ್ತ್ವಜ್ಞ ನಿಜಾಮುದ್ದೀನ್ ತಾಹೆರ್ ಅವರ ನೇತೃತ್ವದಲ್ಲಿ ಇಡೀ ಮಂದಿರದ ನಕ್ಷೆಯನ್ನು ಬಿಡಿಸಿಕೊಂಡ ನಂತರ 2004ರಲ್ಲಿ ಆ ಸ್ಥಳದಲ್ಲಿ ಕೈಯ ಉದ್ದಮೂಳೆಯೊಂದು ದೊರೆಯಿತು. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಅದರ ಡಿಎನ್‌ಎಯನ್ನು ಪರೀಕ್ಷಿಸಿ, ತಾಯಿಯ ಕಡೆಯಿಂದ ಬರುವ ಆ ವಂಶಗುರುತು ಭಾರತೀಯರಲ್ಲಿ ಕಾಣದೆ ಜಾರ್ಜಿಯಾದವರಲ್ಲಿ ಕಾಣುವಂಥದೆಂದೂ, ಅಲ್ಲಿಯೇ ಸಿಕ್ಕ ಬೇರೆ ಎರಡು ಮೂಳೆಗಳು ಭಾರತದಲ್ಲಿ ಸಾಮಾನ್ಯವಾದ ವಂಶಗುರುತಿನವೆಂದೂ ತೋರಿಸಿದರು. 2021ರ ಜುಲೈನಲ್ಲಿ ಭಾರತ ಸರ್ಕಾರ ಆ ಅಸ್ಥಿಯನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಒಂದು ಸಾಲಿನ ಬರೆಹ, ಹದಿನೈದು ವರ್ಷಗಳ ಅಗೆತ ಮತ್ತು ಪ್ರಯೋಗಾಲಯದ ತಾಳ್ಮೆ ಮೂರೂ ಕೂಡಿದ್ದರಿಂದ ಆದ ಕೆಲಸವಿದು, ಮತ್ತು ಇದು ನಡೆದದ್ದು ಭಾರತದಲ್ಲಿ, ಭಾರತದ ಸಂಸ್ಥೆಗಳಿಂದ. ಹೂಲಿಯಲ್ಲಿ ಆಗದ ಕೆಲಸವೆಂದು ಹೇಳಲು ಕಾರಣವಿಲ್ಲ.

ಮಲಪ್ರಭೆಯ ಸೀಮೆಯಲ್ಲಿ ಇಂಥ ಉತ್ಖನನ ಹುಡುಕಬೇಕಾದದ್ದು ಚಿನ್ನವನ್ನಲ್ಲ, ವಿಗ್ರಹಗಳನ್ನೂ ಅಲ್ಲ. ಒಲೆಯ ಬೂದಿಯನ್ನು ನೀರಿನಲ್ಲಿ ಕಲಸಿದಾಗ ಸುಟ್ಟು ಕರಿಯಾದ ಕಾಳುಗಳು ಮೇಲೆ ತೇಲುತ್ತವೆ. ಪ್ಲವನವಿಧಾನವೆಂದು ಕರೆಯಲಾಗುವ ಈ ಸರಳ ಕ್ರಮದಿಂದ ಮಠದವರು ಜೋಳ ಉಂಡರೋ ನವಣೆ ಉಂಡರೋ ಅಕ್ಕಿ ತರಿಸಿಕೊಂಡರೋ ಎಂಬುದು ತಿಳಿಯುತ್ತದೆ, ಮತ್ತು ಅದೇ ಕಾಳಿನಲ್ಲಿರುವ ಇಂಗಾಲದ ಪರೀಕ್ಷೆಯಿಂದ ಆ ಒಲೆ ಉರಿದ ಕಾಲವೂ ತಿಳಿಯುತ್ತದೆ. ಗಡಿಗೆಯ ಒಳಮೈ ಹೀರಿಕೊಂಡ ಎಣ್ಣೆ ಮತ್ತು ಹಾಲಿನ ಅಂಶ, ಔಷಧಿ ಅರೆದ ಕಲ್ಲು, ಓಲೆಗರಿಯ ಮೇಲೆ ಬರೆಯುವ ಕಬ್ಬಿಣದ ಕಂಟ, ಗುಡಿಯಿಂದ ಮಠಕ್ಕೆ ಸವೆದ ನೆಲಗಟ್ಟು, ಕೊಳಚೆ ಹೋಗುವ ಕಾಲುವೆ ಇವೆಲ್ಲವೂ ವಿದ್ಯಾದಾನ ಮತ್ತು ಆಹಾರದಾನ ಎಂಬ ಶಾಸನದ ಮಾತುಗಳಿಗೆ ತೂಕ ಮತ್ತು ಅಳತೆಯನ್ನು ಕೊಡಬಲ್ಲವು.

ಇದಕ್ಕಿಂತ ದೊಡ್ಡದಾದ ಪ್ರಶ್ನೆಯೊಂದಿದೆ. 13ನೆಯ ಶತಮಾನದ ನಂತರ ಕಾಳಾಮುಖರು ಕರ್ನಾಟಕದ ದಾಖಲೆಗಳಿಂದ ಮರೆಯಾಗುತ್ತಾರೆ; ಅವರ ಮಠಗಳಲ್ಲಿ ಎಷ್ಟೋ ವೀರಶೈವ ಮಠಗಳಾಗಿ ಮುಂದುವರಿದವೆಂದು ಹಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ, ಹಾಗೆಯೇ ಬಸದಿಗಳು ಶಿವಾಲಯಗಳಾದ ಕಾಲ ಮತ್ತು ಕ್ರಮದ ಬಗ್ಗೆಯೂ ಚರ್ಚೆಯಿದೆ. ಈ ಪ್ರಶ್ನೆಗಳನ್ನು ಇಲ್ಲಿಯವರೆಗೆ ಗ್ರಂಥಗಳ ಮತ್ತು ಶಾಸನಗಳ ಆಧಾರದಿಂದಲೇ, ಅನೇಕ ವೇಳೆ ಬಿಸಿಯಾಗಿಯೇ, ವಾದಿಸಲಾಗಿದೆ. ನೆಲದ ಪದರಗಳು ಈ ವಿಷಯದಲ್ಲಿ ಪಕ್ಷಪಾತವಿಲ್ಲದ ಸಾಕ್ಷಿ: ಒಂದು ಕಟ್ಟಡದ ನೆಲಗಟ್ಟು ಬಿಡುವಿಲ್ಲದೆ ಮತ್ತೆ ಮತ್ತೆ ಸಾರಿಸಲ್ಪಟ್ಟಿದ್ದರೆ ಜನರು ಅಲ್ಲೇ ಮುಂದುವರಿದರೆಂದೂ, ಎರಡು ನೆಲಗಟ್ಟುಗಳ ನಡುವೆ ಕುಸಿದ ಮಣ್ಣಿನ ದಪ್ಪ ಪದರವಿದ್ದರೆ ಆ ಜಾಗ ಕೆಲಕಾಲ ಪಾಳುಬಿದ್ದು ಬೇರೆಯವರು ಬಂದು ನೆಲೆಸಿದರೆಂದೂ, ಸುಟ್ಟ ಪದರವಿದ್ದರೆ ಅಲ್ಲಿ ಬೆಂಕಿ ಬಿದ್ದಿತೆಂದೂ ತಿಳಿಯುತ್ತದೆ. ಪಂಥಗಳ ನಡುವಿನ ಇತಿಹಾಸದ ಬಗ್ಗೆ ಅನುಮಾನದಿಂದ ಮಾತಾಡುವ ಈ ದಿನಗಳಲ್ಲಿ ಅಂಥ ಸಾಕ್ಷಿಯ ಬೆಲೆ ಹೆಚ್ಚು.

ಅಗೆಯುವ ಕ್ರಮಕ್ಕೂ ಶಿಸ್ತಿದೆ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ಬಳಸಿದ ಚೌಕುಳಿ ಪದ್ಧತಿಯಲ್ಲಿ ನೆಲವನ್ನು ಚೌಕಗಳಾಗಿ ವಿಂಗಡಿಸಿ, ಚೌಕಗಳ ನಡುವೆ ಅಗೆಯದ ಬದುಗಳನ್ನು ಬಿಟ್ಟು, ಆ ಬದುವಿನ ಗೋಡೆಯ ಮೇಲೆ ಪದರಗಳನ್ನು ಓದುತ್ತ ಇಳಿಯುತ್ತಾರೆ. ಈಗ ಗುದ್ದಲಿ ಹಾಕುವ ಮೊದಲೇ ನೆಲವನ್ನು ಭೇದಿಸಿ ನೋಡುವ ರಾಡಾರ್ ಮತ್ತು ಮಣ್ಣಿನ ವಿದ್ಯುತ್ ರೋಧವನ್ನು ಅಳೆಯುವ ಸಾಧನಗಳಿಂದ ಗೋಡೆಗಳ ಜಾಡನ್ನು ಹಿಡಿಯಬಹುದು. ಈ ಸೀಮೆಗೆ ತನ್ನದೇ ಆದ ಒಂದು ತೊಡಕಿದೆ. ಸವದತ್ತಿ, ರಾಮದುರ್ಗ, ಬೈಲಹೊಂಗಲಗಳ ಎರೆಮಣ್ಣು ಬೇಸಿಗೆಯಲ್ಲಿ ಆಳವಾಗಿ ಬಿರಿದು ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಬಿರುಕಿನಲ್ಲಿ ಮೇಲಿನ ಕಾಲದ ವಸ್ತು ಕೆಳಗಿನ ಕಾಲದ ಪದರಕ್ಕೆ ಜಾರಿಬೀಳುವುದರಿಂದ ಇಲ್ಲಿ ಒಂದು ನಾಣ್ಯದ ಅಥವಾ ಒಂದು ಬಳೆಚೂರಿನ ಆಧಾರದ ಮೇಲೆ ಕಾಲ ನಿರ್ಣಯಿಸುವುದು ಅಪಾಯ. ಕಿತ್ತೂರಿನ ಕಡೆಯ ಮಲೆನಾಡಂಚಿನ ಕೆಂಪುಮಣ್ಣಿನ ಗುಣ ಬೇರೆ, ಮಳೆಯೂ ಹೆಚ್ಚು.

ಮಠದ ಉತ್ಖನನದಲ್ಲಿ ಶ್ರದ್ಧೆಯ ಪ್ರಶ್ನೆಯೂ ಇದೆ. ಶೈವ ಯತಿಗಳನ್ನು ಮತ್ತು ಲಿಂಗಾಯತ ಗುರುಗಳನ್ನು ಸಮಾಧಿ ಮಾಡುವುದು ರೂಢಿ. ಗದ್ದುಗೆ ಜನರ ಪೂಜೆ ಪಡೆಯುವ ಜಾಗ. ಕೇಂಬ್ರಿಜ್‌ನಲ್ಲಿ ಮಾಡಿದಂತೆ ಇಲ್ಲಿ ಸ್ಮಶಾನವನ್ನು ತೆರೆಯಬೇಕೆಂದು ಯಾರೂ ಹೇಳಲಾರರು, ಹೇಳಲೂ ಬಾರದು. ಅಡುಗೆಮನೆ, ತಿಪ್ಪೆ, ಹಗೇವು, ಕಾಲುವೆ, ಬಾವಿಕಟ್ಟೆ ಇಂಥ ಭಾಗಗಳೇ ಬೇಕಾದಷ್ಟನ್ನು ಕೊಡುತ್ತವೆ. ಕಾನೂನಿನ ಚೌಕಟ್ಟೂ ಸ್ಪಷ್ಟವಾಗಿದೆ: 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ರಾಜ್ಯ ಸರ್ಕಾರವೂ ಕೇಂದ್ರದ ಪೂರ್ವಾನುಮತಿಯಿಲ್ಲದೆ ಉತ್ಖನನ ನಡೆಸುವಂತಿಲ್ಲ, ಮತ್ತು ನಿಧಿ ಕಾಯಿದೆಯಂತೆ ನೆಲದಲ್ಲಿ ಸಿಕ್ಕ ನಿಧಿಯ ವಿಷಯವನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಕಾನೂನಿಗೆ ಅಂಜದೆ ರಾತ್ರಿಯಲ್ಲಿ ಅಗೆಯುವ ನಿಧಿಗಳ್ಳರೇ ಈ ಸಾಕ್ಷಿಯ ಅತಿ ದೊಡ್ಡ ಶತ್ರುಗಳು. ಉತ್ತರ ಕರ್ನಾಟಕದ ಪಾಳುಗುಡಿಗಳಲ್ಲಿ ಲಿಂಗದ ಪೀಠ ಕಿತ್ತು, ನೆಲಗಟ್ಟು ಒಡೆದು ತೋಡಿದ ಗುಂಡಿಗಳು ಅಪರೂಪವಲ್ಲ. ಅಂಥ ಗುಂಡಿಯಿಂದ ಚಿನ್ನ ಸಿಗದಿದ್ದರೂ ಪದರಗಳೆಲ್ಲ ಒಂದಾಗಿಹೋಗುತ್ತವೆ, ಮತ್ತು ಒಮ್ಮೆ ಕಲಸಿಹೋದ ಪದರವನ್ನು ಯಾವ ಇಲಾಖೆಯೂ ಯಾವ ಹಣದಿಂದಲೂ ಮತ್ತೆ ಜೋಡಿಸಲಾರದು. ಇದರ ಜೊತೆಗೆ, ಬೂದಿ ಮತ್ತು ಎಲುಬಿನಿಂದ ಸಾರವತ್ತಾದ ಹಾಳೂರ ದಿಬ್ಬದ ಮಣ್ಣನ್ನು ಹೊಲಕ್ಕೆ ಹೇರುವುದು ಹಿಂದಿನಿಂದ ಬಂದ ವಾಡಿಕೆ. ಎತ್ತಿನ ಬಂಡಿಯಲ್ಲಿ ನಡೆಯುತ್ತಿದ್ದಾಗ ಅದು ತಲೆಮಾರುಗಳ ಕೆಲಸವಾಗಿತ್ತು, ಮಣ್ಣೆತ್ತುವ ಯಂತ್ರ ಬಂದ ಮೇಲೆ ವಾರದ ಕೆಲಸವಾಗಿದೆ. ನವಿಲುತೀರ್ಥದ ಅಣೆಕಟ್ಟಿನ ಹಿನ್ನೀರಿನಲ್ಲಿ ನದೀಪಾತ್ರದ ಹಲವು ಊರುಗಳ ಹಳೆಯ ನೆಲೆಗಳು ಆಗಲೇ ಮುಳುಗಿವೆ. ಉಳಿದಿರುವ ದಿಬ್ಬಗಳು ಎಣಿಕೆಗೆ ಸಿಗುವಷ್ಟು ಇರುವಾಗಲೇ ಅವನ್ನು ಎಣಿಸಬೇಕಾಗಿದೆ.

ಆ ಎಣಿಕೆಗೆ ಶಾಸನಗಳೇ ದಾರಿ ತೋರಿಸುತ್ತವೆ. ದಾನಶಾಸನಗಳು ಭೂಮಿಯ ಎಲ್ಲೆಗಳನ್ನು ದಿಕ್ಕು ಹಿಡಿದು ಹೇಳುತ್ತವೆ: ಇಂಥ ಕೆರೆಯಿಂದ ತೆಂಕಲು, ಇಂಥ ದಾರಿಯಿಂದ ಮೂಡಲು, ಇಂಥವರ ಕೆಯ್ಯಿಂದ ಪಡುವಲು, ಎಲ್ಲೆಯಲ್ಲಿ ನೆಟ್ಟ ಕಲ್ಲು. ಗೋವೆಯಲ್ಲಿ ಒಂದು ಕಿಟಕಿಯ ಉಲ್ಲೇಖ ಮಾಡಿದ ಕೆಲಸವನ್ನು ಇಲ್ಲಿ ಈ ಎಲ್ಲೆಗಳು ಮಾಡಬಲ್ಲವು. ಕೆರೆಗಳು ಬಹುಪಾಲು ಇದ್ದಲ್ಲೇ ಇವೆ, ಹೊಲಗಳ ಹೆಸರುಗಳು ರೈತರ ಬಾಯಲ್ಲಿ ಮತ್ತು ಕಂದಾಯದ ಕಾಗದಗಳಲ್ಲಿ ಅಚ್ಚರಿಯೆನಿಸುವಷ್ಟು ದೀರ್ಘಕಾಲ ಉಳಿಯುತ್ತವೆ. ಶಾಸನಪಾಠವನ್ನೂ ಗ್ರಾಮನಕ್ಷೆಯನ್ನೂ ಕೈಯಲ್ಲಿ ಹಿಡಿದು, ‘ಮಠದ ಹೊಲ’, ‘ಬಸ್ತಿ ಪಟ್ಟಿ’, ‘ಗುಡಿ ಮಾನ್ಯ’ ಎಂಬಂಥ ಹೆಸರುಗಳನ್ನು ಊರ ಹಿರಿಯರಿಂದ ಕೇಳಿ ಗುರುತು ಹಾಕಿಕೊಳ್ಳುವ ಕೆಲಸಕ್ಕೆ ಕೇಂದ್ರದ ಅನುಮತಿ ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ. ಹಳಗನ್ನಡ ಓದಬಲ್ಲ ಒಬ್ಬ ಅಧ್ಯಾಪಕನೂ ನಾಲ್ಕು ಜನ ವಿದ್ಯಾರ್ಥಿಗಳೂ ಸುಗ್ಗಿ ಮುಗಿದು ಹೊಲ ಬರಿದಾದ ತಿಂಗಳುಗಳಲ್ಲಿ ಹೂಲಿಯಿಂದಲೋ ಕಿತ್ತೂರಿನಿಂದಲೋ ಅದನ್ನು ಆರಂಭಿಸಬಹುದು. ಕಲ್ಯಾಣಶಕ್ತಿಯು ಕಾದ ಕುಳ ಹಿಡಿದು ಗೆದ್ದ ಹೊಲಕ್ಕೆ ಶಾಸನದಲ್ಲಿ ಹೆಸರಿದೆ, ಆ ಹೆಸರಿನ ಜಾಡು ಕಿತ್ತೂರಿನ ಸರ್ವೆ ನಕ್ಷೆಯಲ್ಲಿ ಸಿಕ್ಕರೆ ಅದರ ಒಡೆಯರಾಗಿದ್ದ ಮೂಲಸ್ಥಾನದೇವರ ಮಠವನ್ನು ಎಲ್ಲಿ ಹುಡುಕಬೇಕೆಂಬುದೂ ತಿಳಿಯುತ್ತದೆ.